ಬಾಯಿ ಬಿಡದೆ ಒಂದು ಗಳಿಗೆ ಕೂತುಕೋ, ಮಗಳೇ

ಅತ್ತಾವರ, ಮಂಗಳೂರು
ಆಟಿ ತಿಂಗಳ ಒಂದು ಸಂಜೆ

ಪ್ರೀತಿಯ ಚೈತ್ರಾ,

ಕಳೆದ ಆದಿತ್ಯವಾರ ನೀನು ಹೋದ ಮೇಲೆ ನೋಡಿದರೆ ನಿನ್ನ ಕೊಡೆ ಇಲ್ಲಿ ಬಾಗಿಲ ಮೂಲೆಯಲ್ಲೇ ನಿಂತಿದೆ. ಆ ಮಳೆಯಲ್ಲಿ ಬಸ್ ಸ್ಟಾಪಿನವರೆಗೆ ಹೇಗೆ ಹೋದೆಯೋ ಎಂದು ನಿನ್ನ ಅತ್ತೆ ಎರಡು ದಿನ ಅದನ್ನೇ ಹೇಳಿದಳು. ಪತ್ರೊಡೆಯ ಡಬ್ಬಿಯನ್ನು ಮರೆತಿಲ್ಲವಲ್ಲ, ಹಾಗಾದರೆ ಹುಡುಗಿಗೆ ಏನೂ ಆಗಿಲ್ಲ ಎಂದು ನಾನು ಸಮಾಧಾನ ಹೇಳಿದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹಾಂ ಮಾವ, ಹಾಂ ಮಾವ" ಎನ್ನುವಾಗ ಹಿಂದಿನಿಂದ ಟಕಟಕ ಟೈಪ್ ಮಾಡುವ ಸದ್ದು ನನಗೆ ಕೇಳುತ್ತದೆ. ಕಾಗದವನ್ನಾದರೆ ಎರಡು ಕೈಯಲ್ಲೂ ಹಿಡಿಯಲೇಬೇಕು. ನಮ್ಮದು ಅಳಿಯಕಟ್ಟಿನ ಮನೆತನ, ಹಿಂದೆಲ್ಲ ಸೋದರಮಾವನ ಸೊತ್ತು ಸೇರುತ್ತಿದ್ದದ್ದು ಅಕ್ಕನ ಮಕ್ಕಳಿಗೆ. ಸೊತ್ತು ಎಂದು ಕೊಡಲು ನನ್ನಲ್ಲಿ ಇರುವುದು ಒಂದು ಸೋಲ್ಡರಿಂಗ್ ಕಡ್ಡಿ, ಎರಡು ಮಲ್ಟಿಮೀಟರ್, ಮೂವತ್ತು ಚಿಲ್ಲರೆ ವರ್ಷ ಆಸ್ಪತ್ರೆಯ ಯಂತ್ರಗಳನ್ನು ಬಿಚ್ಚಿ ಜೋಡಿಸಿದ ನೆನಪು. ಮಲ್ಟಿಮೀಟರ್ ನಿನಗೆ ಬೇಡ ಎಂದು ಗೊತ್ತು.

ಎದೆಗೆ ಪೇಸ್‌ಮೇಕರ್ ಇಟ್ಟವರಿಗೆಂದು ನೀನು ಮಾಡಿದ ಆ್ಯಪನ್ನು ಆ ದಿನ ನನ್ನ ಕೈಯಲ್ಲಿ ಪರೀಕ್ಷೆ ಮಾಡಿಸಿದೆಯಲ್ಲ, ಆಗ ನಾನು ನಿನಗೆ ಒಂದು ಸುಳ್ಳು ಹೇಳಿದ್ದೇನೆ. ಅದನ್ನು ಒಪ್ಪಿಕೊಳ್ಳಲಿಕ್ಕೆಂದೇ ಈ ಪತ್ರ. ಆದರೆ ಅಲ್ಲಿಗೆ ಬರುವ ಮೊದಲು ಸ್ವಲ್ಪ ಸುತ್ತುಬಳಸಿ ಹೋಗುತ್ತೇನೆ. ವಯಸ್ಸಾದವರ ದಾರಿಯೇ ಹಾಗೆ, ಹಂಪನಕಟ್ಟೆಗೆ ಹೋಗಬೇಕಾದರೂ ಬಂದರಿಗೆ ಒಂದು ಸುತ್ತು ಹಾಕಿಯೇ ಹೋಗುವುದು.

ನನ್ನ ಎದೆಯಲ್ಲಿ ಮಿಷನ್ ಇಟ್ಟ ಕತೆ ನಿನಗೆ ಅರ್ಧ ಗೊತ್ತು. ಉಳಿದರ್ಧ ನಾಚಿಕೆಯದ್ದು. ಮೂರು ತಿಂಗಳು ನನಗೆ ಆಗಾಗ ತಲೆ ತಿರುಗುತ್ತಿತ್ತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ನಾನು ಅದಕ್ಕೆ ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟು ಜೀರಿಗೆ ಕಷಾಯ ಕುಡಿಯುತ್ತಾ ಕೂತೆ. ಇನ್ನೊಬ್ಬರ ಇಸಿಜಿ ಗೆರೆ ನೋಡಿ, ಯಂತ್ರ ಹಾಳಾಗಿದೆಯೋ ಮನುಷ್ಯ ಹಾಳಾಗಿದ್ದಾನೋ ಎಂದು ನಿಂತಲ್ಲೇ ಹೇಳುತ್ತಿದ್ದವನು ನಾನು. ನನ್ನದೇ ನಾಡಿ ಹಿಡಿದು ನೋಡಬೇಕೆಂದು ಹೊಳೆಯಲಿಲ್ಲ. ಕೊನೆಗೆ ಒಂದು ಬೆಳಗ್ಗೆ ದಾಸವಾಳದ ಗಿಡದ ಬುಡದಲ್ಲಿ ಬಿದ್ದೆ. ಆಸ್ಪತ್ರೆಯಲ್ಲಿ ನೋಡಿದರೆ ಮಿಡಿತ ನಿಮಿಷಕ್ಕೆ 34. ಈಗ ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ ಬೆಂಕಿಪೆಟ್ಟಿಗೆಯಂಥದ್ದೊಂದು ಕೂತಿದೆ. ಅದು ನನ್ನ ಹೃದಯವನ್ನು 60ರ ಕೆಳಗೆ ಇಳಿಯಲು ಬಿಡುವುದಿಲ್ಲ. ನಿನ್ನ ಅತ್ತೆಗೂ ಇಷ್ಟು ಶಿಸ್ತಿನಲ್ಲಿ ನನ್ನನ್ನು ಇಡಲಾಗಿರಲಿಲ್ಲ.

ಇಂಥ ಪೇಸ್‌ಮೇಕರನ್ನು ದೇಹದೊಳಗೆ ಮೊದಲು ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನಲ್ಲಿ. ರೋಗಿ ಅರ್ನೆ ಲಾರ್ಸನ್, ವಯಸ್ಸು 43, ದಿನಕ್ಕೆ ಎಷ್ಟೋ ಸಲ ಪ್ರಜ್ಞೆ ತಪ್ಪಿ ಬೀಳುತ್ತಿದ್ದ ಮನುಷ್ಯ. ಯಂತ್ರ ಇನ್ನೂ ತಯಾರಿಲ್ಲ ಎಂದು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮತ್ತು ಸರ್ಜನ್ ಒಕೆ ಸೆನಿಂಗ್ ಹೇಳಿದರೂ ಲಾರ್ಸನ್ನನ ಹೆಂಡತಿ ಬಿಡಲಿಲ್ಲ, ಬೆನ್ನು ಹಿಡಿದು ಮಾಡಿಸಿಯೇ ಬಿಟ್ಟಳು. ಬೂಟ್ ಪಾಲಿಶ್ ಡಬ್ಬಿಯೇ ಅಚ್ಚು, ಅದರೊಳಗೆ ರಾಳ ಹೊಯ್ದು ಮಾಡಿದ ಯಂತ್ರ. ಅದು ಕೆಲವೇ ತಾಸು ನಡೆದು ನಿಂತಿತು. ಇನ್ನೊಂದನ್ನು ಇಟ್ಟರು. ಹೀಗೆ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಿಸಿಕೊಂಡ ಲಾರ್ಸನ್ 2001ರವರೆಗೆ ಬದುಕಿದ. ಅಷ್ಟರಲ್ಲಿ ಆ ಎಂಜಿನಿಯರೂ ಇರಲಿಲ್ಲ, ಆ ಸರ್ಜನ್ನೂ ಇರಲಿಲ್ಲ. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಆ ಹೆಂಗಸು. ಯಂತ್ರ ಮಾಡುವವರ ಬಾಗಿಲಿಗೆ ಹೋಗಿ ಕೂತವಳು ಅವಳೊಬ್ಬಳೇ.

ಇನ್ನು ನನ್ನ ದೊಡ್ಡ ತಪ್ಪು. ನಿನ್ನ ಅತ್ತೆಗೂ ಹೇಳಿಲ್ಲ.

ಆಗ ನಾನು ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗಿರಲಿಲ್ಲ. ಆಸ್ಪತ್ರೆಯ ಹೆಸರು ಬೇಡ. ಐಸಿಯುನಲ್ಲಿ ನಾಲ್ಕು ಮಾನಿಟರ್. ಅದರಲ್ಲಿ ಮೂರನೆಯದ್ದು ಮಹಾ ಗಲಾಟೆಯದ್ದು. ರೋಗಿ ಮಗ್ಗುಲು ಬದಲಿಸಿದರೆ ಟುಂಯ್, ಕೆಮ್ಮಿದರೆ ಟುಂಯ್. ರಾತ್ರಿ ಪಾಳಿಯ ಸಿಸ್ಟರು, "ಇದೊಂದು ಎಂಥ ಮಾರಾಯ್ರೇ, ಇಡೀ ರಾತ್ರಿ ಕೂಗ್ತದೆ, ಏನಾದ್ರೂ ಮಾಡಿ" ಎಂದು ಅಳುವ ಹಾಗೆ ಹೇಳಿದರು. ನಾನು ಹಿಂಬದಿಯ ಮುಚ್ಚಳ ಬಿಚ್ಚಿ, ಸ್ಪೀಕರಿನ ಮೇಲೆ ಎರಡು ಪದರ ಪ್ಲಾಸ್ಟರ್ ಅಂಟಿಸಿಬಿಟ್ಟೆ. ಎಲ್ಲರಿಗೂ ಸಂತೋಷ. ಒಂದು ಚಾ ಕೂಡ ಬಂತು. ನಾಲ್ಕನೆಯ ರಾತ್ರಿ ಅದೇ ಮಂಚದ ರೋಗಿಯ ಮಿಡಿತ ನಿಜವಾಗಿಯೇ ಹಾದಿ ತಪ್ಪಿತು. ಮಾನಿಟರ್ ಕೂಗಿತು, ಪ್ಲಾಸ್ಟರಿನೊಳಗೆ. ಪಕ್ಕದ ಮಂಚಕ್ಕೆ ಡ್ರಿಪ್ ಬದಲಿಸಲು ಬಂದ ಸಿಸ್ಟರ್ ಆಕಸ್ಮಿಕವಾಗಿ ತಿರುಗಿ ನೋಡಿದ್ದರಿಂದ ಆತ ಉಳಿದ. ಬೆಳಗ್ಗೆ ಐದು ಗಂಟೆಗೆ ಹೋಗಿ ಯಾರಿಗೂ ಹೇಳದೆ ಪ್ಲಾಸ್ಟರ್ ಕಿತ್ತೆ. ಕೈ ನಡುಗುತ್ತಿತ್ತು.

ಮೂಲ ಕಾರಣವೇನು ಗೊತ್ತೇ? ಎದೆಗೆ ಅಂಟಿಸುವ ಬಿಲ್ಲೆಗಳ ಜೆಲ್ ಒಣಗಿ ಹೋಗುತ್ತಿತ್ತು, ವಯರ್ ಸಡಿಲವಾಗುತ್ತಿತ್ತು. ಬಿಲ್ಲೆ ಬದಲಿಸಿದರೆ ಮುಗಿಯಿತು. ಮಾನಿಟರಿನ ತಪ್ಪೂ ಇತ್ತು. ವಯರ್ ಜಾರಿದರೂ ಪ್ರಾಣ ಜಾರಿದರೂ ಅದು ಒಂದೇ ಸ್ವರದಲ್ಲಿ ಕೂಗುತ್ತಿತ್ತು. ಎಲ್ಲದಕ್ಕೂ ಕೂಗುವವನ ಮಾತನ್ನು ಯಾರು ಕೇಳುತ್ತಾರೆ?

ಇದು ಬರೇ ಹಳೇ ಕತೆಯಲ್ಲ ಮಗಳೇ. ಅಂಥ ಪ್ಲಾಸ್ಟರನ್ನು ಈಗ ಫೋನು ತಾನೇ ಹಚ್ಚಿಕೊಳ್ಳುತ್ತದೆ. ಬ್ಯಾಟರಿ ಉಳಿಸುತ್ತೇನೆಂದು ಹಿಂದೆ ಓಡುತ್ತಿರುವ ಆ್ಯಪನ್ನು ಮಲಗಿಸಿಬಿಡುತ್ತದೆ. ಮಕ್ಕಳು ಯಾವಾಗಲೋ ಒತ್ತಿಟ್ಟ 'ತೊಂದರೆ ಕೊಡಬೇಡಿ' ಹಾಗೇ ಉಳಿದಿರುತ್ತದೆ. ಬ್ಲೂಟೂತ್ ಆಫ್ ಆಗಿರುತ್ತದೆ. ರಾತ್ರಿ ತನ್ನಿಂದ ತಾನೇ ಅಪ್‌ಡೇಟ್ ಆಗಿ, ಬೆಳಗ್ಗೆ ಅನುಮತಿಯನ್ನೆಲ್ಲ ಹೊಸದಾಗಿ ಕೇಳುತ್ತದೆ. ಸಕ್ಕರೆ ಕಾಯಿಲೆಯ ಸಾಧನಗಳ ಎಚ್ಚರಿಕೆ ಹೀಗೆ ಫೋನಿನ ಸೆಟ್ಟಿಂಗಿನಿಂದಾಗಿ ರೋಗಿಗೆ ಕೇಳಿಸದೆ ಹೋಗುತ್ತಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಅದರ ಹಿಂದಿನ ವರ್ಷ ಅಲ್ಲಿ ಇನ್ಸುಲಿನ್ ಪಂಪಿನ ಒಂದು ಐಫೋನ್ ಆ್ಯಪನ್ನೇ ಹಿಂದಕ್ಕೆ ಕರೆಸಿದರು. ಆ್ಯಪ್ ಪದೇಪದೇ ಕುಸಿದು ಮತ್ತೆ ತಾನೇ ತೆರೆದುಕೊಳ್ಳುತ್ತಿತ್ತು. ಅದರ ಹರಟೆಗೆ ಪಂಪಿನ ಬ್ಯಾಟರಿ ಬೇಗ ಖಾಲಿಯಾಗಿ ಪಂಪೇ ನಿಲ್ಲುತ್ತಿತ್ತು. ತೊಂದರೆಯಾದ 224 ಪ್ರಕರಣ ವರದಿಯಾದವು. ಪಂಪ್ ಚೆನ್ನಾಗಿಯೇ ಇತ್ತು ನೋಡು, ಅದಕ್ಕೆ ಸಹಾಯ ಮಾಡಲು ಬಂದ ಆ್ಯಪ್ ಕೆಡಿಸಿತು. ಮನೆಗೆ ಬಂದ ನೆಂಟರು ಕೆಲವೊಮ್ಮೆ ಹೀಗೆ.

"ನಮ್ಮ ಆ್ಯಪ್ ಯಂತ್ರವನ್ನು ಮುಟ್ಟುವುದೇ ಇಲ್ಲ ಮಾವ, ಓದಿ ಆಸ್ಪತ್ರೆಗೆ ಕಳಿಸುತ್ತದೆ ಅಷ್ಟೆ" ಎಂದೆಯಲ್ಲ. ಒಪ್ಪಿದೆ. ಪೇಸ್‌ಮೇಕರಿನ ವಿಷಯದಲ್ಲಿ ಅದೇ ಸರಿ. ನನ್ನ ಮಿಡಿತ ಎಷ್ಟಿರಬೇಕೆಂದು ತೀರ್ಮಾನಿಸುವ ಅಧಿಕಾರ ನನ್ನ ಹೆಬ್ಬೆರಳಿಗೆ ಬೇಡ. ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಬೆನ್ನುಹುರಿಗೆ ಇಡುವ ನೋವಿನ ಯಂತ್ರ, ಇವುಗಳನ್ನಾದರೆ ರೋಗಿ ತಾನೇ ಏರಿಸಿ ಇಳಿಸಬೇಕಾಗುತ್ತದೆ. ಅಲ್ಲಿಯೂ ಡಾಕ್ಟರು ಮೇಲೊಂದು ಗೆರೆ, ಕೆಳಗೊಂದು ಗೆರೆ ಹಾಕಿ, ನಡುವೆ ಮಾತ್ರ ಬಿಡುತ್ತಾರೆ. ಗದ್ದೆಗೆ ಬದು ಇದ್ದ ಹಾಗೆ.

ಆದರೆ ಬರೇ ಓದುವ ಆ್ಯಪ್ ಕೂಡ ಮನುಷ್ಯನನ್ನು ಏನು ಮಾಡಬಲ್ಲದು ಎಂದು ಕೇಳು. ಈಗ ನನ್ನ ಫೋನಿನಲ್ಲಿರುವುದೂ ಅಂಥದ್ದೇ, ಬೇರೆ ಯಾರೋ ಮಾಡಿದ್ದು. ಕಳೆದ ತಿಂಗಳು ಒಂದು ರಾತ್ರಿ, ಗಂಟೆ ಎರಡಕ್ಕೆ ಹತ್ತು ನಿಮಿಷ. ಹೊರಗೆ ಮಳೆ ಎಂದರೆ ಮಳೆ, ಹಂಚಿನ ಮೇಲೆ ಜಲ್ಲಿ ಸುರಿದ ಹಾಗೆ. ಕರೆಂಟು ಹೋಗಿ ಮೂರು ಗಂಟೆಯಾಗಿದೆ. ತಲೆಯ ಹತ್ತಿರ ಫೋನು ಬೆಳಗಿತು. ಕನ್ನಡಕವಿಲ್ಲದೆ ಹತ್ತಿರ ಹಿಡಿದು ಓದಿದೆ: 'ಸಾಧನದ ಬ್ಯಾಟರಿ ಕಡಿಮೆಯಿದೆ. ಶೀಘ್ರದಲ್ಲೇ ಸ್ಥಗಿತಗೊಳ್ಳಲಿದೆ.'

ನಮ್ಮೂರಲ್ಲಿ ಪೇಸ್‌ಮೇಕರ್ ಇಟ್ಟವರನ್ನು ಜನ ಏನೆನ್ನುತ್ತಾರೆ? "ಅವರಿಗೆ ಎದೆಗೆ ಬ್ಯಾಟರಿ ಇಟ್ಟಿದ್ದಾರೆ" ಎನ್ನುತ್ತಾರೆ. ನಾನೂ ಹಾಗೇ ಹೇಳುವುದು. ಹಾಗಾದರೆ ಯಾವ ಬ್ಯಾಟರಿ ಕಡಿಮೆಯಾದದ್ದು? ಸ್ಥಗಿತಗೊಳ್ಳುವುದು ಯಾವುದು? ಎದ್ದು ಕೂತೆ. ನಾಡಿ ಹಿಡಿದೆ. ಹೆದರಿಕೆಗೆ ಅದು ಓಡುತ್ತಿತ್ತು, ಲೆಕ್ಕ ತಪ್ಪುತ್ತಿತ್ತು. ನಿನ್ನ ಅತ್ತೆ ಎದ್ದಳು, ಮೇಣದ ಬತ್ತಿ ಹುಡುಕಿದಳು, ಈ ಮಳೆಯಲ್ಲಿ ಯಾರ ರಿಕ್ಷಾ ಸಿಕ್ಕೀತು ಎಂದು ಹೆಸರುಗಳನ್ನು ಎಣಿಸತೊಡಗಿದಳು. ಎದೆಯ ಬ್ಯಾಟರಿ ಹತ್ತಿರ ಹತ್ತಿರ ಹತ್ತು ವರ್ಷ ಬರುತ್ತದೆ, ಮುಗಿಯುವುದಕ್ಕೆ ತಿಂಗಳುಗಳ ಮೊದಲೇ ಸೂಚನೆ ಕೊಡುತ್ತದೆ ಎಂದು ನೂರು ಜನರಿಗೆ ಹೇಳಿದವನು ನಾನೇ. ಆ ಕ್ಷಣಕ್ಕೆ ಆ ಜ್ಞಾನವೆಲ್ಲ ಎಲ್ಲಿಗೆ ಹೋಗಿತ್ತೋ. ಒಂದು ಹದಿನೈದು ನಿಮಿಷ ಕಳೆದ ಮೇಲೆ ಫೋನಿನ ಮೂಲೆಯಲ್ಲಿ ಕೆಂಪು ಗೆರೆ ಕಂಡಿತು. ಫೋನಿನ ಚಾರ್ಜು ಮಾರಾಯ್ತಿ! ಇಬ್ಬರೂ ನಕ್ಕೆವು. ನಿನ್ನ ಅತ್ತೆ ನಕ್ಕದ್ದು ಸ್ವಲ್ಪ, ಆಮೇಲೆ ಅತ್ತದ್ದು ಹೆಚ್ಚು.

ಆ ವಾಕ್ಯ ಬರೆದವನು ಕೆಟ್ಟವನಲ್ಲ. ಯಾವುದೋ ಊರಿನಲ್ಲಿ, ಹಗಲು ಹೊತ್ತಿನಲ್ಲಿ, ದೊಡ್ಡ ಪರದೆಯ ಮುಂದೆ ಕೂತು ಬರೆದಿರುತ್ತಾನೆ. ಅವನಿಗೆ ಸಾಧನವೆಂದರೆ ಫೋನು. ನನಗೆ ಸಾಧನವೆಂದರೆ ನಾನು ಉಸಿರಾಡುತ್ತಿರುವುದಕ್ಕೆ ಕಾರಣ. 'ನಿಮ್ಮ ಫೋನಿಗೆ ಚಾರ್ಜಿಲ್ಲ. ಎದೆಯ ಪೇಸ್‌ಮೇಕರಿಗೆ ಏನೂ ಆಗಿಲ್ಲ' ಎಂದು ಬರೆಯಲು ಎಷ್ಟು ಜಾಗ ಬೇಕು?

ಪರದೆಯ ಮೇಲಿನ ಮಾತಿಗೆ ಪ್ರಾಣ ಹೋದದ್ದೂ ಉಂಟು. ಥೆರಾಕ್-25 ಎಂಬ ವಿಕಿರಣ ಯಂತ್ರದ ಕತೆಯನ್ನು ನಿಮ್ಮ ಕಾಲೇಜಿನಲ್ಲಿ ಹೇಳಿರಬಹುದು. ಅಮೆರಿಕ, ಕೆನಡಾಗಳಲ್ಲಿ 1985ರಿಂದ 1987ರ ನಡುವೆ ಆರು ಮಂದಿ ರೋಗಿಗಳಿಗೆ ಅದು ಮಿತಿಮೀರಿ ವಿಕಿರಣ ಕೊಟ್ಟಿತು, ಕೆಲವರು ಅದರಿಂದಲೇ ತೀರಿಕೊಂಡರು. ತಪ್ಪು ಸಾಫ್ಟ್‌ವೇರಿನದ್ದು. ಆದರೆ ನನಗೆ ನಿದ್ದೆ ಕೆಡಿಸುವುದು ಅದರ ಪರದೆ. 1986ರ ಮಾರ್ಚಿನಲ್ಲಿ ಟೆಕ್ಸಾಸಿನ ಟೈಲರ್ ಎಂಬ ಊರಿನಲ್ಲಿ ಯಂತ್ರ ನಡೆಸುವವಳಿಗೆ ಕಂಡದ್ದು 'ಮಾಲ್‌ಫಂಕ್ಷನ್ 54' ಎಂಬ ಎರಡು ಪದ. ಅದರ ಅರ್ಥ ಅವಳಿಗೆ ಯಾರೂ ಹೇಳಿರಲಿಲ್ಲ. ಆ ಯಂತ್ರ ದಿನವೂ ಏನಾದರೊಂದು ಸಂಖ್ಯೆ ತೋರಿಸಿ ನಿಲ್ಲುತ್ತಿತ್ತು, 'ಪಿ' ಒತ್ತಿದರೆ ಮುಂದೆ ಹೋಗುತ್ತಿತ್ತು. ಅಂದೂ ಒತ್ತಿದಳು. ಒಳಗಿನ ರೋಗಿಗೆ ಎರಡನೆಯ ಸಲ ಬಿತ್ತು. ಅವನು ಕೂಗಿದ್ದು ಅವಳಿಗೆ ಕೇಳಲಿಲ್ಲ, ಆ ದಿನ ಕೋಣೆಯ ಇಂಟರ್‌ಕಾಮ್ ಕೆಟ್ಟಿತ್ತು. ಅವಳ ಜಾಗದಲ್ಲಿ ನಾನಿದ್ದರೂ ಒತ್ತುತ್ತಿದ್ದೆ. ಸ್ಪೀಕರಿಗೆ ಪ್ಲಾಸ್ಟರ್ ಹಚ್ಚಿದ ಕೈ ಅಲ್ಲವೇ ಇದು.

ಈಗ ನನ್ನ ಸುಳ್ಳಿಗೆ ಬರುತ್ತೇನೆ.

ಆದಿತ್ಯವಾರ ನೀನು ನಿನ್ನ ಪರೀಕ್ಷೆಯ ಫೋನನ್ನು ನನ್ನ ಕೈಯಲ್ಲಿ ಕೊಟ್ಟೆ. ಅಕ್ಷರ ಸಣ್ಣದೆಂದು ನಾನು ಸೆಟ್ಟಿಂಗಿಗೆ ಹೋಗಿ ದೊಡ್ಡದು ಮಾಡಿಕೊಂಡೆ. ನನ್ನ ವಯಸ್ಸಿನವರೆಲ್ಲ ಫೋನು ಕೈಗೆ ಬಂದರೆ ಮೊದಲು ಮಾಡುವ ಕೆಲಸ ಅದು. ಸ್ವಲ್ಪ ಹೊತ್ತಿಗೆ ಒಂದು ಪ್ರಶ್ನೆ ಬಂತು: 'ನಿಗಾ ಇಡುವುದನ್ನು ನಿಲ್ಲಿಸಬೇಕೆ?' ಕೆಳಗೆ ಎರಡು ಗುಂಡಿ. ನೀನು ಬರೆದದ್ದು ಎಡಕ್ಕೆ 'ನಿಲ್ಲಿಸಿ', ಬಲಕ್ಕೆ 'ನಿಲ್ಲಿಸಬೇಡಿ'. ದೊಡ್ಡ ಅಕ್ಷರದಲ್ಲಿ ನನಗೆ ಕಂಡದ್ದು ಎಡಕ್ಕೆ 'ನಿಲ್ಲಿಸಿ', ಬಲಕ್ಕೆ 'ನಿಲ್ಲಿಸ…', ಮುಂದೆ ಮೂರು ಚುಕ್ಕಿ. ಗುಂಡಿಯಲ್ಲಿ ಜಾಗ ಸಾಲದೆ 'ಬೇಡಿ' ಹೊರಗೆ ಬಿದ್ದು ಹೋಗಿತ್ತು.

ಇಂಗ್ಲಿಷಿನವರು ಬೇಡ ಎಂಬುದನ್ನು ಮೊದಲೇ ಹೇಳಿ ಆಮೇಲೆ ಕೆಲಸ ಹೇಳುತ್ತಾರೆ. ಬಾಲ ಕತ್ತರಿಸಿದರೂ ಬೇಡ ಉಳಿಯುತ್ತದೆ. ನಮ್ಮ ಕನ್ನಡದಲ್ಲಿ ಬೇಡ, ಇಲ್ಲ, ಅಲ್ಲ, ಕೂಡದು ಎಲ್ಲವೂ ಬಾಲದಲ್ಲೇ. ತುಳುವಿನ 'ಇಜ್ಜಿ' ಕೂಡ ಹಾಗೇ. ಬಾಲ ಕತ್ತರಿಸಿದರೆ ಅರ್ಥ ತಲೆಕೆಳಗು. 'ತೊಂದರೆ ಇಲ್ಲ' ಎಂಬುದರಲ್ಲಿ ಅರ್ಧ ಕಾಣಿಸಿದರೆ ಉಳಿಯುವುದು ಬರೇ ತೊಂದರೆ. ಇಂಗ್ಲಿಷಿನಲ್ಲಿ ಪರದೆ ಮಾಡಿ ಆಮೇಲೆ ಕನ್ನಡ ತುಂಬಿಸುವವರಿಗೆ ಇದು ಹೊಳೆಯುವುದಿಲ್ಲ, ಏಕೆಂದರೆ ಅವರು ಅಳೆದು ಹೊಲಿದದ್ದು ಬೇರೆಯವರ ಮೈಗೆ. ನೀನು ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಒಂದು ಕಡೆ 'ನಿಲ್ಲಿಸಿ', ಇನ್ನೊಂದು ಕಡೆ 'ಹಾಗೇ ಇರಲಿ' ಎಂದು ಬರೆ. ಎರಡೂ ಮುಖದಲ್ಲೇ ಬೇರೆಬೇರೆ ಕಾಣಬೇಕು. ಇನ್ನೊಂದು ಪರದೆಯಲ್ಲಿ 'ಎಚ್ಚರಿಕೆಯನ್ನು ರದ್ದು ಮಾಡಬೇಕೆ?' ಎಂದು ಕೇಳಿ, ಕೆಳಗೆ 'ಸರಿ', 'ರದ್ದು' ಎಂದು ಇಟ್ಟಿದ್ದೀಯಲ್ಲ. ರದ್ದನ್ನು ರದ್ದು ಮಾಡಲು ರದ್ದು ಒತ್ತಬೇಕೋ, ಸರಿ ಒತ್ತಬೇಕೋ? ತರ್ಕಶಾಸ್ತ್ರದ ಪಂಡಿತರೂ ಒಂದು ಗಳಿಗೆ ಎಲೆ ಅಡಿಕೆ ಹಾಕಿಕೊಂಡು ಯೋಚಿಸಬೇಕಾದೀತು.

ನನ್ನ ಬೆರಳು ಆ ಎರಡು ಗುಂಡಿಗಳ ಮೇಲೆ ತೂಗಾಡುತ್ತಿತ್ತು. ಎಡದ ಕಡೆಗೇ ಇಳಿಯುತ್ತಿತ್ತು, ನಿಜ ಹೇಳುತ್ತೇನೆ. ಅಷ್ಟರಲ್ಲಿ ನೀನು, "ಅದಲ್ಲ ಮಾವ, ಬಲದ್ದು" ಎಂದೆ. ಬಲದ್ದು ಒತ್ತಿದೆ. "ಅರ್ಥ ಆಯ್ತಲ್ಲ ಮಾವ?" ಎಂದೆ. "ಹೌದು ಹೌದು, ನಂಗೆ ಗೊತ್ತಿತ್ತು" ಎಂದೆ. ನೀನು ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಒಂದು ಸರಿ ಗುರುತು ಹಾಕಿದೆ.

ಅದೇ ಸುಳ್ಳು. ನನಗೆ ಗೊತ್ತಿರಲಿಲ್ಲ, ಅರ್ಥವೂ ಆಗಿರಲಿಲ್ಲ. ಅಕ್ಕನ ಮಗಳು ಎರಡು ವರ್ಷ ದುಡಿದು ಮಾಡಿದ್ದು, ನನ್ನಿಂದಾಗಿ ಅವಳ ಮುಖ ಬಾಡುವುದು ಬೇಡ ಎಂದು ದಾಕ್ಷಿಣ್ಯಕ್ಕೆ ಹೇಳಿದೆ. ಯಂತ್ರಗಳ ನಡುವೆ ಜೀವಮಾನ ಕಳೆದ ನಾನೇ ಹೀಗೆ ಹೇಳಿದರೆ ಉಳಿದವರ ಗತಿ ಏನು? ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೇಕಾದರೆ ನಿಂತು ಕೇಳು. ಡಾಕ್ಟರು ವಿವರಿಸುತ್ತಾರೆ, ರೋಗಿ "ಆಯ್ತು, ಗೊತ್ತಾಯ್ತು" ಎಂದು ತಲೆಯಾಡಿಸುತ್ತಾನೆ, ಹೊರಗೆ ಬಂದು ಕಾಂಪೌಂಡರಲ್ಲಿ "ಅವರು ಎಂಥ ಹೇಳಿದ್ದು?" ಎಂದು ಕೇಳುತ್ತಾನೆ. ದೊಡ್ಡವರ ಎದುರು ಅರ್ಥವಾಗಲಿಲ್ಲ ಎನ್ನುವುದು ನಮ್ಮ ಜನಕ್ಕೆ ಮರ್ಯಾದೆ ಹೋಗುವ ವಿಷಯ. ಚಿಕ್ಕವರ ಎದುರು ಅದಕ್ಕಿಂತ ಹೆಚ್ಚು.

ನಾನೂ ಇದೇ ತಪ್ಪು ಮಾಡಿದವನು. ಸೇವೆಯ ಕೊನೆಯ ವರ್ಷಗಳಲ್ಲಿ ಸುಳ್ಯದ ಕಡೆಯ ಒಬ್ಬ ಅಜ್ಜಿಗೆ ಮಂಚದ ಪಕ್ಕ ಇಡುವ ಪೆಟ್ಟಿಗೆಯೊಂದನ್ನು ಕೊಟ್ಟಿದ್ದರು. ರಾತ್ರಿ ಅವರು ಮಲಗಿರುವಾಗ ಎದೆಯ ಯಂತ್ರದ ಸುದ್ದಿಯನ್ನು ಅದು ಆಸ್ಪತ್ರೆಗೆ ಕಳಿಸಬೇಕು. "ಪ್ಲಗ್ ತೆಗೆಯಬಾರದು, ಗೊತ್ತಾಯ್ತಾ ಅಮ್ಮ?" ಎಂದು ಮೂರು ಸಲ ಕೇಳಿದೆ, ಮೂರು ಸಲವೂ ಗೊತ್ತಾಯ್ತು ಎಂದರು. ವಾರಗಟ್ಟಲೆ ಸುದ್ದಿಯೇ ಇಲ್ಲ. ಕೊನೆಗೆ ಮನೆಗೇ ಹೋದೆ. ತುಲಾ ಮಾಸದ ಸಂಜೆ, ಪಡುವಣದಲ್ಲಿ ಮೋಡ ಗುಡುಗಿತು. ಅಜ್ಜಿ ಎದ್ದು ಟಿವಿಯ ಪ್ಲಗ್ ಕಿತ್ತರು, ಫ್ರಿಜ್ಜಿನದ್ದು ಕಿತ್ತರು, ನನ್ನ ಪೆಟ್ಟಿಗೆಯದ್ದನ್ನೂ ಕಿತ್ತು, ಅದಕ್ಕೆ ಒಂದು ಬೈರಾಸು ಹೊದೆಸಿ ಇಟ್ಟರು. "ಸಿಡಿಲು ಬಡಿದ್ರೆ ಆಸ್ಪತ್ರೆಯವರ ಸೊತ್ತು ಹಾಳಾಗ್ತದಲ್ಲ ಮಗಾ" ಎಂದರು. ನಮ್ಮ ಜಿಲ್ಲೆಯಲ್ಲಿ ಸಿಡಿಲಿಗೆ ಪ್ಲಗ್ ತೆಗೆಯದ ಮನೆ ಉಂಟೇ? ನನ್ನ ಮನೆಯಲ್ಲೇ ತೆಗೆಯುತ್ತೇವೆ. ಆಸ್ಪತ್ರೆಯಲ್ಲಿ ಮೂರು ಸಲ ಕೇಳಿ ತಿಳಿಯದ್ದು ಅವರ ಜಗಲಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಾಗ ತಿಳಿಯಿತು. ಗುಡುಗು ನಿಂತ ಮೇಲೆ ಮತ್ತೆ ಹಾಕಿ ಎಂದಷ್ಟೇ ಹೇಳಿ ಬಂದೆ, ಮರುದಿನದಿಂದ ಸುದ್ದಿ ಬರತೊಡಗಿತು.

ಫೋನಿನ ಮೇಲೆ ನನಗೆ ಸಿಟ್ಟಿದೆ ಎಂದು ತಿಳಿಯಬೇಡ. ಇದೇ ಮಂಗಳೂರಿನಲ್ಲಿ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂದು ವಾಟ್ಸ್‌ಆ್ಯಪ್ ಬಳಗ ಕಟ್ಟಿದರು. ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಕೊಡಿಸಿದರು. ಅವರು ಗೆರೆಯ ಫೋಟೋ ಕಳಿಸುತ್ತಾರೆ, ತಜ್ಞರು ಇಲ್ಲಿಂದ ನೋಡಿ ಹೇಳುತ್ತಾರೆ. ಅದು ನಡೆದದ್ದು ಯಾರೂ ಹೊಸದೇನನ್ನೂ ಕಲಿಯಬೇಕಾಗಿರಲಿಲ್ಲ ಎಂಬ ಕಾರಣಕ್ಕೆ, ಮತ್ತು ಎರಡೂ ತುದಿಯಲ್ಲಿ ಒಬ್ಬೊಬ್ಬ ಮನುಷ್ಯ ಇದ್ದ ಕಾರಣಕ್ಕೆ. ನಿನ್ನ ಆ್ಯಪಿನ ಈ ತುದಿಯಲ್ಲಿ, ರಾತ್ರಿ ಎರಡು ಗಂಟೆಗೆ, ಇರುವುದು ಹೆದರಿದ ಒಬ್ಬ ಮುದುಕ ಮಾತ್ರ. "ಬಲದ್ದು ಮಾವ" ಎನ್ನಲು ನೀನಿರುವುದಿಲ್ಲ.

ಕಾನೂನು ನಿನಗೆ ನನಗಿಂತ ಚೆನ್ನಾಗಿ ಗೊತ್ತು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ರೋಗ ಪತ್ತೆಗೆ, ನಿಗಾಕ್ಕೆ ಎಂದು ಮಾಡಿದ ಸಾಫ್ಟ್‌ವೇರೂ ವೈದ್ಯಕೀಯ ಸಾಧನವೇ, ಔಷಧಿಯ ಕಾನೂನಿನ ಅಡಿಯಲ್ಲೇ ಬರುತ್ತದೆ. ನಿಮ್ಮಲ್ಲಿ ಅದಕ್ಕೆಲ್ಲ ಕಡತ, ಪರೀಕ್ಷೆ, ಸಹಿ ಉಂಟು. ಇರಲಿ, ಬೇಕಾದದ್ದೇ. ಆದರೆ ಆ ಕಡತದಲ್ಲಿ ನನ್ನ ಹೆಸರಿನ ಮುಂದೆ ಬಿದ್ದ ಸರಿ ಗುರುತು ಸುಳ್ಳಿನದ್ದು. ಅಂಥ ಇನ್ನೆಷ್ಟು ಅದರೊಳಗೆ ಉಂಟೋ ಎಂಬುದೇ ನನ್ನ ಕಳವಳ.

ಅದಕ್ಕೇ ಹೇಳುವುದು. ಪರೀಕ್ಷೆ ಮಾಡುವಾಗ ರೋಗಿಯ ಪಕ್ಕ ಕೂತುಕೋ, ಬಾಯಿ ಬಿಡಬೇಡ. ಅರ್ಥವಾಯಿತೇ ಎಂದು ಕೇಳಬೇಡ. ಅವರ ಮುಖವನ್ನೂ ನೋಡಬೇಡ, ಮುಖ ದಾಕ್ಷಿಣ್ಯ ಮಾಡುತ್ತದೆ. ಬೆರಳನ್ನು ನೋಡು. ಬೆರಳು ಎಲ್ಲಿ ತೂಗಾಡುತ್ತದೆ, ಎಲ್ಲಿ ಹಿಂದೆ ಬರುತ್ತದೆ, ಎಲ್ಲಿ ಎರಡೆರಡು ಸಲ ಒತ್ತುತ್ತದೆ. ಬೀಡಿ ಕಟ್ಟಿ ಸವೆದ ಬೆರಳಿಗೆ ಪರದೆ ಓಗೊಡುತ್ತದೆಯೇ, ಮೀನು ತೊಳೆದ ಒದ್ದೆ ಕೈಗೆ ಓಗೊಡುತ್ತದೆಯೇ ಎಂದು ನೋಡು. ತಪ್ಪು ಗುಂಡಿಯ ಕಡೆಗೆ ಬೆರಳು ಇಳಿಯುವಾಗ ನಿನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಹೇಳಿಬಿಡೋಣ ಅನ್ನಿಸುತ್ತದೆ. ಹೇಳಬೇಡ. ಅದು ಪರೀಕ್ಷೆಯ ಫೋನು, ಯಾರಿಗೂ ಏನೂ ಆಗುವುದಿಲ್ಲ. ಅಲ್ಲಿ ನೀನು ನುಂಗಿಕೊಂಡ ಮಾತೇ ನಾಳೆ ಪರದೆಯ ಮೇಲೆ ಬರಬೇಕಾದ ಮಾತು.

ಇನ್ನೊಂದು, ಬರೆಯುವ ಭರದಲ್ಲಿ ಮರೆಯುತ್ತಿದ್ದೆ. ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಧ್ವನಿ ಇಡಲು ಸಾಧ್ಯವೇ ನೋಡು. ತುಳು ಲಿಪಿ 2024ರಲ್ಲಿ ಯೂನಿಕೋಡಿಗೆ ಸೇರಿತು, ಸಂತೋಷವೇ. ಆದರೆ ನಮ್ಮ ಅಜ್ಜಿಯಂದಿರಿಗೆ ತುಳು ಕಣ್ಣಿನ ಭಾಷೆಯಲ್ಲ, ಕಿವಿಯದ್ದು. ಮತ್ತೆ, ಫೋನನ್ನು ಎಡಜೇಬಿನಲ್ಲಿ ಇಡಬೇಡಿ ಎಂದು ಮೊದಲ ಪರದೆಯಲ್ಲೇ ಹೇಳು. ಅಯಸ್ಕಾಂತ ಇರುವ ಹೊಸ ಫೋನುಗಳನ್ನು ಯಂತ್ರದಿಂದ 15 ಸೆಂಟಿಮೀಟರ್ ದೂರ ಇಡಬೇಕು, ವಯರಿಲ್ಲದೆ ಚಾರ್ಜ್ ಮಾಡುವಾಗ 30 ಸೆಂಟಿಮೀಟರ್, ಎಂದು ಆ್ಯಪಲ್ ಕಂಪೆನಿಯೇ ಹೇಳಿದೆ. ನಾನು ಎಂಟು ತಿಂಗಳು ಎಡಜೇಬಿನಲ್ಲೇ ಇಟ್ಟುಕೊಂಡು ತಿರುಗಿದವನು. ಅಂಗಿಗೆ ಜೇಬು ಇರುವುದು ಅಲ್ಲೇ, ಏನು ಮಾಡಲಿ? ಈಗ ದರ್ಜಿಯ ಹತ್ತಿರ ಹೇಳಿ ಬಲಕ್ಕೆ ಹೊಲಿಸಿದ್ದೇನೆ. ನೋಡಿದವರು ನಗುತ್ತಾರೆ.

ರಾತ್ರಿ ಹನ್ನೊಂದರವರೆಗೆ ಆಫೀಸಿನಲ್ಲಿ ಕೂರುತ್ತೀ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ನಿದ್ದೆಗೆಟ್ಟು ಬರೆದದ್ದನ್ನು ನಿದ್ದೆಗೆಟ್ಟ ಮುದುಕರು ಓದಬೇಕಾಗುತ್ತದೆ, ಅಷ್ಟು ನೆನಪಿರಲಿ. ಊಟ ಬಿಡಬೇಡ.

ಬರುವ ಆದಿತ್ಯವಾರ ಸಂಜೆ ಬಾ. ಹಿಂದಿನ ಗಲ್ಲಿಯ ಮೀನು ವ್ಯಾಪಾರದ ಅಜ್ಜನಿಗೂ ಎದೆಗೆ ಬ್ಯಾಟರಿ ಇಟ್ಟು ಎರಡು ವರ್ಷವಾಯಿತು, ಅವರನ್ನು ಕರೆದಿದ್ದೇನೆ. ಅವರ ಫೋನು ನೋಡಿಕೊಳ್ಳುವುದು ಅವರ ಹೆಂಡತಿ, ಆಕೆಯೂ ಬರುತ್ತಾರೆ. ನನ್ನ ಹೆಸರಿನ ಮುಂದಿನ ಸರಿ ಗುರುತು ಅಳಿಸಿ ತಾ, ನಾನೂ ಹೊಸದಾಗಿ ಕೂರುತ್ತೇನೆ, ಈ ಸಲ ಸುಳ್ಳು ಹೇಳುವುದಿಲ್ಲ. ನಿನ್ನ ಕೊಡೆ ಇಲ್ಲೇ ಉಂಟು. ನಾವು ಮೂವರು ಫೋನು ಒತ್ತುತ್ತಿರುವಾಗ ನಿನ್ನ ಬಾಯಿಗೆ ಕೆಲಸವಿರಲಿ ಎಂದು ಅತ್ತೆ ಗೋಳಿಬಜೆ ಮಾಡಿಕೊಡುತ್ತಾಳೆ.

ನಿನ್ನ ಪ್ರೀತಿಯ
ಮಾವ